ಮೆಹಿಯೋನೆಸ್‌ನಲ್ಲಿ ಪಂಪು ಆರಿಸಿದ್ದು

ಅವಳ ಮನೆತನದ ಹೆಸರು ಕೋಪಾ.
ನಮ್ಮ ಮಾತಿನಲ್ಲಿ ಅದಕ್ಕೇನರ್ಥವೆಂದು ಅವಳಿಗೆ ತಿಳಿಯದು,
ತಿಳಿದಿದ್ದರೆ ನಗುತ್ತಿದ್ದಳೇನೋ.
ನಿಲ್ದಾ ಕೋಪಾ, ಆಸಿಡ್ ಇಳಿಸುವ ಬಂದರಿನ ಮೇಸ್ತ್ರಿ.
ಒಂದು ಬದಿಗೆ ಕಡಲು,
ಇನ್ನೊಂದು ಬದಿಗೆ ಮಳೆಯ ಹೆಸರು ಮರೆತ ಮರಳುಗಾಡು.

ಮೇಜಿನ ಮೇಲೆ ಮೂರು ದರಪಟ್ಟಿ.
ಖರೀದಿಯ ಉರ್ಕೀಡಿ ಅಗ್ಗದ್ದರ ಮೇಲೆ ಪೆನ್ನಿಟ್ಟು
ಪಂಪೆಂದರೆ ಪಂಪು, ಎನ್ನುತ್ತಾನೆ,
ಇಲ್ಲಿಂದ ಎತ್ತಿ ಅಲ್ಲಿಗೆ ಸುರಿಯುವುದು.

ಏನನ್ನು? ಅವಳು ಕೇಳುತ್ತಾಳೆ.

ಗಂಧಕಾಮ್ಲ ಎಂದರೆ ಸಾಲದು.
ಎಷ್ಟು ಗಟ್ಟಿ, ಎಷ್ಟು ಬಿಸಿ, ಎಷ್ಟು ಅವಸರ,
ತಳದಲ್ಲಿ ಕೆಸರಿದೆಯೇ,
ಹಡಗು ತಡವಾದರೆ ಎಷ್ಟು ದಿನ
ಕೊಳವೆಯೊಳಗೆ ಸುಮ್ಮನೆ ನಿಂತಿರುತ್ತದೆ.
ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ.

ತೊಂಬತ್ತೆಂಟು ಪಾಲು ಆಮ್ಲ, ಎರಡು ಪಾಲು ನೀರು:
ಅಷ್ಟು ಗಟ್ಟಿಯದನ್ನು ಬರಿಯ ಉಕ್ಕೂ ತಾಳಿಕೊಳ್ಳುತ್ತದೆ.
ನಿಧಾನ ಹರಿದರೆ
ಲೋಹದ ಮೈಗೆ ತೆಳ್ಳಗೊಂದು ಪೊರೆ ಹೊದಿಸಿ
ತನ್ನಿಂದಲೇ ಅದನ್ನು ಕಾಯುತ್ತದೆ.
ಓಡಿಸಿದಿರೋ, ಪೊರೆ ಕಳಚಿತು.
ನೀರು ಸೋಂಕಿತೋ, ಹಸಿವು ಹುಟ್ಟಿತು.

ಇಲ್ಲಿ ನೀರು ಆಕಾಶದಿಂದ ಬೀಳುವುದಿಲ್ಲ, ನಿಜ.
ನಸುಕಿಗೆ ಕಡಲಿಂದ ನಡೆದು ಬರುತ್ತದೆ
ಕಮಂಚಾಕ ಎಂಬ ಮಂಜು.
ಹಳೆಯ ಪಂಪಿನ ಸೀಲಿನಿಂದ ಜಿನುಗಿ ಕೂತ ಒಂದು ಹನಿಗೆ
ಮೆಲ್ಲಗೆ ಕುಡಿಸುತ್ತದೆ.
ಎರಡು ಚಳಿಗಾಲ ಕಳೆಯುವಷ್ಟರಲ್ಲಿ
ಪೀಠದ ಉಕ್ಕಿನಲ್ಲಿ ಬೆರಳು ಹೋಗುವಷ್ಟು ಗುಳಿ.

ತಿರುಗುವ ದಂಡ ಗೋಡೆ ತೂರಿ ಹೊರಬರುವಲ್ಲಿ ಒಂದು ಬಾಗಿಲು;
ಸೀಲು ಆ ಬಾಗಿಲ ಕಾವಲುಗಾರ.
ಕಾವಲುಗಾರನೂ ತೂಕಡಿಸುತ್ತಾನೆ.
ಮೂರನೆಯ ಪಟ್ಟಿಯ ಪಂಪಿಗೆ ಬಾಗಿಲೇ ಇಲ್ಲ.
ಹೊರಗೊಂದು ಅಯಸ್ಕಾಂತ, ಒಳಗೊಂದು, ನಡುವೆ ಗೋಡೆ.
ಹೊರಗಿನದು ತಿರುಗಿದರೆ ಒಳಗಿನದೂ;
ಮುಟ್ಟುವುದಿಲ್ಲ, ಬಿಡುವುದೂ ಇಲ್ಲ.
ಒಳಮೈಗೆ ಪ್ಲಾಸ್ಟಿಕ್ಕಿನ ಅಸ್ತರು,
ದೋಸೆ ಅಂಟದ ಕಾವಲಿಯ ದೂರದ ನೆಂಟ.
ಬೆಲೆ ಎರಡೂವರೆ ಪಟ್ಟು.
ಒಂದೇ ಪಥ್ಯ: ಒಣಗಂಟಲಲ್ಲಿ ಓಡಿಸಕೂಡದು,
ಒಳಗಿನ ಬೇರಿಂಗಿಗೆ ಆಮ್ಲವೇ ಎಣ್ಣೆ, ಆಮ್ಲವೇ ತಂಪು.

ಹಾಸಿಂತೋ ಚಾಂಬೆಯನ್ನು ಕರೆಸಿದಳು.
ಬಂದ, ಕೈಗವಸು ಕಳಚಿದ.
ಎಡಗೈ, ಮೊಣಕೈಯಿಂದ ಮಣಿಕಟ್ಟಿನವರೆಗೆ,
ಆರಿದ ಹಾಲಿನ ಕೆನೆಯಂತೆ ಸುಕ್ಕು.
ಬೆಲೆ ನೋಡಲಿಲ್ಲ. ನಕ್ಷೆ ತಿರುಗಿಸಿ ತಿರುಗಿಸಿ ಹುಡುಕಿದ:
ನಿಲ್ಲಿಸಿ, ತೊಳೆದು, ಖಾಲಿ ಎಂದು ಬರೆದ ಮೇಲೂ
ಒಂದು ಲೋಟದಷ್ಟು ಒಳಗೇ ಇರುತ್ತದೆ.
ಬಿಚ್ಚಿದಾಗ ಅದು ಯಾವ ಕಡೆ ಬರುತ್ತದೆ?

ಉರ್ಕೀಡಿ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.

ಆ ದಿನ ಸಂಜೆಯವರೆಗೆ ಅವಳು ಫೋನಿನಲ್ಲೇ ಇದ್ದಳು.
ಅತಿ ತಗ್ಗಿನಲ್ಲಿ ಒಂದು ತೂತು ಬೇಕು,
ಇಲ್ಲ, ಎದೆಯ ಮಟ್ಟದಲ್ಲಲ್ಲ,
ಕಾಲಿನ ಕಡೆಗೂ ಅಲ್ಲ,
ಕೊಳವೆ ಜೋಡಿಸಿ ದೂರ ಒಯ್ಯುವ ಹಾಗೆ.

ಆಗಸ್ಟಿನ ಒಂದು ರಾತ್ರಿ
ಹೊಸ ಹುಡುಗ ಬ್ರೌಲಿಯೋ
ಒಳದಾರಿಯ ವಾಲ್ವು ತೆರೆಯದೆ ಗುಂಡಿ ಒತ್ತಿದ.
ನಾಲ್ಕು ನಿಮಿಷ.
ಒಳಗೆ ಬೇರಿಂಗು ಬಳೆ ಒಡೆದಂತೆ ಚೂರಾಯಿತು.

ಇದೇನಾ ನೀನು ಆರಿಸಿದ್ದು? ಉರ್ಕೀಡಿ ಕೇಳಿದ.
ಇದೇ.
ಹುಡುಗ ಗೋಡೆಗೊರಗಿ ನಿಂತಿದ್ದ,
ಎರಡು ಕೈಯೂ ನೆಟ್ಟಗಿದ್ದವು, ನಡುಗುತ್ತಿದ್ದವು ಅಷ್ಟೆ.
ಅವನ ತಪ್ಪನ್ನು ಪಂಪು ಹೊಟ್ಟೆಗೆ ಹಾಕಿಕೊಂಡಿತ್ತು.
ಚಾಂಬೆ ತಗ್ಗಿನ ತೂತಿಗೆ ಕೊಳವೆ ಸಿಕ್ಕಿಸಿ, ದೂರ ನಿಂತು,
ಒಂದು ಲೋಟವನ್ನು ಡಬ್ಬಿಗೆ ಇಳಿಸಿದ.
ನಸುಕಿಗೆ ಮಂಜು ಬಂದು ಪೀಠದ ಸುತ್ತ ತಡಕಾಡಿತು.
ಕುಡಿಸಲು ಯಾರೂ ಸಿಗಲಿಲ್ಲ.

ಬೆಳಿಗ್ಗೆ ಅವಳು ಇನ್ನೊಂದು ಖರೀದಿ ಚೀಟಿ ಬರೆದಳು:
ಒಣ ಓಟ ಕಂಡರೆ ಮೋಟಾರು ನಿಲ್ಲಿಸುವ ರಿಲೇ, ಒಂದು.
ಕಾರಣ ಎಂದಿದ್ದ ಕಡೆ:
ನಾನು ಮರೆತಿದ್ದೆ.